ತೂಕ ಇಳಿಸುವ ಆಪರೇಷನ್: ಆಸ್ಪತ್ರೆಯಲ್ಲಿ ಏನೇನಾಗುತ್ತೆ?

ಅರಸೀಕೆರೆ: ತೂಕ ಇಳಿಸುವ ಆಪರೇಷನ್‌ಗೆ ಬೆಂಗಳೂರಿಗೋ ಮೈಸೂರಿಗೋ ಹೊರಟವರು ಆಸ್ಪತ್ರೆಯಲ್ಲಿ ಇರಬೇಕಾದ್ದು ಸಾಮಾನ್ಯವಾಗಿ 2-3 ದಿನ ಅಷ್ಟೇ. ಊರಿಗೆ ಬಂದ ಮೇಲಿನ ಎಚ್ಚರವೇ ಮುಖ್ಯ.

ಹೋಗುವ ಮುನ್ನ: ಶುಗರ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿ ಜೊತೆಗಿರಲಿ. ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ಬೀಡಿ, ಸಿಗರೇಟು ವಾರಗಳ ಮುಂಚೆಯೇ ಬಿಡಿ. ಆರೋಗ್ಯ ವಿಮೆ ಸಿಗಲು ಸಾಮಾನ್ಯವಾಗಿ ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇರಬೇಕು. ಕಂಪನಿಯ ಒಪ್ಪಿಗೆ ಮೊದಲೇ ಪಡೆಯಿರಿ.

ಆಪರೇಷನ್ ದಿನ: ಹಿಂದಿನ ರಾತ್ರಿಯಿಂದ ಊಟ ಇಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಆಪರೇಷನ್ ಮಾಡ್ತಾರೆ. ‘ಸ್ಲೀವ್’ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ತೆಗೀತಾರೆ. ಅದು ಮತ್ತೆ ಮೊದಲಿನಂತಾಗಲ್ಲ. ನೋವಿದ್ದರೂ ಅದೇ ಸಂಜೆ ಎಬ್ಬಿಸಿ ನಡೆಸ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ.

ಊಟ: ಮೊದಲು ಗುಟುಕು ಗುಟುಕಾಗಿ ನೀರು, ನಂತರ ಸುಮಾರು ಎರಡು ವಾರ ದ್ರವಾಹಾರ. ನೋಡಲು ಬರುವವರು ಪ್ರೀತಿಗೆ ಇಡ್ಲಿ, ಬಿಸ್ಕತ್ತು ತಿನ್ನಿಸಬಾರದು.

ಮನೆಗೆ ಬಂದ ಮೇಲೆ: ಅಂಗಡಿಯವರು ಮೂಟೆ, ಕೊಬ್ಬರಿ ಚೀಲ ಎತ್ತುವುದು ತಿಂಗಳಾದರೂ ಬೇಡ. ನೋವಿನ ಮಾತ್ರೆ ನೀವೇ ಕೊಳ್ಳಬೇಡಿ. ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು.

ಜ್ವರ, ಎದೆಬಡಿತದ ವೇಗ, ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಗ್ಯಾಸ್ಟ್ರಿಕ್ ಅಂತ ಸುಮ್ಮನಿರಬೇಡಿ. ಹೊಲಿಗೆ ಸೋರುತ್ತಿರಬಹುದು, ಜೀವಕ್ಕೇ ಅಪಾಯ. ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಬೇಲೂರು, ಹಳೇಬೀಡಿನವರೂ ಬೆಂಗಳೂರು ದೂರ ಅಂತ ಕಾಯದೆ 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಚೀಟಿ ಹಿಡಿದು ಮೊದಲು ಹತ್ತಿರದ ಆಸ್ಪತ್ರೆ ಸೇರಿ.