ಬೂಟ್ ಮ್ಯಾನೇಜರ್: ಕಾಣದ ತಂತ್ರಾಂಶ, ಕೊನೆಯಿಲ್ಲದ ಪಾಲನೆ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಕಬ್ಬು ತಂಬಾಕುಗಳನ್ನು ಬೆಳೆಯುವ ನಮ್ಮ ಗಡಿಸೀಮೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಗಣಕಯಂತ್ರವು ಈಗ ಅಪೂರ್ವ ವಸ್ತುವಾಗಿ ಉಳಿದಿಲ್ಲ. ಪತ್ತಿನ ಸಹಕಾರಿ ಸಂಘದ ಲೆಕ್ಕ, ಸಕ್ಕರೆ ಕಾರ್ಖಾನೆಯ ತೂಕದ ಚೀಟಿ, ಗ್ರಾಮ ಪಂಚಾಯತಿಯ ದಾಖಲೆ, ಪ್ರೌಢಶಾಲೆಯ ಅಂಕಪಟ್ಟಿ ಎಲ್ಲವೂ ಅದರ ಮೂಲಕವೇ ಸಾಗುತ್ತಿರುವ ಈ ಕಾಲದಲ್ಲಿ, ಒಂದು ಮುಂಜಾನೆ ಆ ಯಂತ್ರವು ಏಳದೆ ಕಪ್ಪು ತೆರೆಯನ್ನೇ ತೋರಿಸುತ್ತ ನಿಂತುಬಿಟ್ಟರೆ, ಅದನ್ನು ಪೇಟೆಯ ದುರಸ್ತಿ ಅಂಗಡಿಗೆ ಹೊತ್ತು ತಂದು "ಬೂಟ್ ಆಗವಲ್ದು, ನೋಡ್ರಿ" ಎಂದು ಒಪ್ಪಿಸುವುದೊಂದೇ ನಮಗೆ ತಿಳಿದಿರುವ ಮಾರ್ಗ. ಗುಂಡಿಯನ್ನು ಒತ್ತಿದ ಕ್ಷಣಕ್ಕೂ ಪರಿಚಿತ ಚಿತ್ರವು ತೆರೆಯ ಮೇಲೆ ಮೂಡುವ ಕ್ಷಣಕ್ಕೂ ನಡುವಣ ಅಲ್ಪಾವಧಿಯಲ್ಲಿ ಏನು ನಡೆಯುತ್ತದೆ, ಅದನ್ನು ನಡೆಸುವ ತಂತ್ರಾಂಶವನ್ನು ಯಾರು ಕಟ್ಟಿದರು, ಯಾರು ಇಂದಿಗೂ ಅದನ್ನು ಕಾಪಾಡಿಕೊಂಡು ಬರುತ್ತಿದ್ದಾರೆ ಎಂಬುದನ್ನು ಅರಿಯದೆ, ಆ ಯಂತ್ರವು ನಮ್ಮದೆಂದು ಹೇಳಿಕೊಳ್ಳುವುದು ಅರ್ಧ ಸತ್ಯವಷ್ಟೇ ಆದೀತು.

ಆ ತಂತ್ರಾಂಶಕ್ಕೆ ಬೂಟ್ ಲೋಡರ್ ಎಂದು ಹೆಸರು. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಮೊದಲಾದ ಹಲವು ಕಾರ್ಯಾಚರಣ ವ್ಯವಸ್ಥೆಗಳಿದ್ದು, ಅವುಗಳ ಪಟ್ಟಿಯನ್ನು ಬಳಸುವವರ ಮುಂದಿಟ್ಟು, ಆರಿಸಿದುದನ್ನು ಎಬ್ಬಿಸಿಕೊಡುವ ಸಾಮರ್ಥ್ಯವೂ ಅದಕ್ಕಿದ್ದರೆ ಬೂಟ್ ಮ್ಯಾನೇಜರ್ ಎನ್ನುವರು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿ ಮಿರಜ ಸೇರುವ ರೈಲಿನಲ್ಲಿ ಓಡಾಡಿದ ಹಿರಿಯರಿಗೆ, ಒಂದು ಕಾಲಕ್ಕೆ ಆ ನಿಲ್ದಾಣದಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಅಳತೆಯ ಹಳಿಗಳು ಬಂದು ಕೂಡುತ್ತಿದ್ದುದು ನೆನಪಿದ್ದೀತು. ಗಾಡಿಗೆ ತನ್ನ ಹಳಿಯೊಂದು ತಿಳಿದರೆ ಸಾಕು; ನಿಲ್ದಾಣಕ್ಕೆ ಮಾತ್ರ ಎಲ್ಲ ಅಳತೆಗಳೂ ತಿಳಿದಿರಬೇಕು. ಬೂಟ್ ಮ್ಯಾನೇಜರಿನ ಧರ್ಮವೂ ಅಂಥದೇ. ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಯೂ ತನ್ನ ಕಡತಗಳನ್ನು ತನ್ನದೇ ಕ್ರಮದಲ್ಲಿ ಇರಿಸಿಕೊಂಡು, ತನ್ನನ್ನು ಹೀಗೆಯೇ ಎಬ್ಬಿಸತಕ್ಕದ್ದೆಂಬ ನಿಯಮವನ್ನು ವಿಧಿಸುತ್ತದೆ. ಅವೆಲ್ಲವನ್ನೂ ಬಲ್ಲ ಈ ಪುಟ್ಟ ತಂತ್ರಾಂಶವು ಯಾವ ವ್ಯವಸ್ಥೆಯ ನೆರವೂ ಇಲ್ಲದೆ, ಏಕೆಂದರೆ ಆಗಿನ್ನೂ ಯಾವ ವ್ಯವಸ್ಥೆಯೂ ಎದ್ದಿರುವುದಿಲ್ಲ, ತನ್ನ ಕಾರ್ಯವನ್ನು ನೆರವೇರಿಸಬೇಕು.

ಈ ಕಾರ್ಯಕ್ಕೆ ದೊರೆಯುವ ಸ್ಥಳವಾದರೂ ಎಷ್ಟು ಸಂಕುಚಿತವಾದುದೆಂಬುದನ್ನು ನೋಡಬೇಕು. 1981ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪಿಸಿಯ ಪರಂಪರೆಯಲ್ಲಿ, ಬಯಾಸ್ ಎಂಬ ಮೂಲ ತಂತ್ರಾಂಶವು ಡಿಸ್ಕಿನ ಮೊದಲ ಖಂಡವೊಂದನ್ನು ಮಾತ್ರ ಓದಿ, ಅದರಲ್ಲಿರುವ ಸಂಕೇತಕ್ಕೆ ಯಂತ್ರವನ್ನು ಒಪ್ಪಿಸಿ ತಾನು ಸರಿಯುತ್ತದೆ. ಆ ಖಂಡದ ಅಳತೆ 512 ಬೈಟು. ಹಾರ್ಡ್ ಡಿಸ್ಕಿನಲ್ಲಾದರೆ ಅದರೊಳಗೆ ಪಾರ್ಟಿಶನ್ನುಗಳ ಪಟ್ಟಿಗೆ 64 ಬೈಟೂ ಕೊನೆಯ ಮುದ್ರೆಗೆ 2 ಬೈಟೂ ಸಂದು, ಸಂಕೇತಕ್ಕೆ ಉಳಿಯುವುದು ಹೆಚ್ಚೆಂದರೆ 446 ಬೈಟು. ಕನ್ನಡದ ಒಂದೊಂದು ಲಿಪಿಚಿಹ್ನೆಯೂ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟು ಹಿಡಿಯುವುದರಿಂದ, ಅಷ್ಟು ಸ್ಥಳದಲ್ಲಿ ನೂರೈವತ್ತು ಚಿಹ್ನೆಗಳನ್ನು ಬರೆಯುವುದಕ್ಕೂ ಆಗದು. ಆದಕಾರಣ ಬೂಟ್ ಲೋಡರನ್ನು ಕಟ್ಟುವವರು ಅದನ್ನು ಹಂತಹಂತವಾಗಿ ರಚಿಸಿದರು: ಮೊದಲ ತುಣುಕಿನ ಕೆಲಸ ಎರಡನೆಯದನ್ನು ಹುಡುಕಿ ತರುವುದಷ್ಟೇ; ಎರಡನೆಯದಕ್ಕೆ ಕಡತಗಳ ವಿನ್ಯಾಸವನ್ನು ಓದುವ ಶಕ್ತಿ; ಅದು ತಂದುಕೊಳ್ಳುವ ಉಳಿದ ಭಾಗಗಳಿಗೆ ಪಟ್ಟಿಯನ್ನು ತೋರಿಸಿ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲನ್ನು ಸ್ಮೃತಿಗೆ ಇಳಿಸುವ ಹೊಣೆ.

ಲಿನಕ್ಸಿನ ಆದಿಕಾಲದಲ್ಲಿ ಈ ಹೊಣೆಯನ್ನು ಹೊತ್ತದ್ದು ವರ್ನರ್ ಆಲ್ಮೆಸ್‌ಬರ್ಗರ್ ಅವರು ಬರೆದ ಲಿಲೋ. ಅದಕ್ಕೆ ಕಡತಗಳ ವಿನ್ಯಾಸ ತಿಳಿಯುತ್ತಿರಲಿಲ್ಲ. ಕರ್ನಲ್ ಡಿಸ್ಕಿನ ಯಾವ ಯಾವ ಖಂಡಗಳಲ್ಲಿದೆಯೆಂಬ ಪಟ್ಟಿಯನ್ನು ಮೊದಲೇ ಗುರುತುಮಾಡಿ ಕೊಡಬೇಕಾಗಿತ್ತು. ಹೊಸ ಕರ್ನಲ್ ಹಾಕಿ ಆ ಗುರುತನ್ನು ನವೀಕರಿಸಲು ಮರೆತವರ ಯಂತ್ರವು ಮರುದಿನ ಏಳುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದುದು ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಅವರು ಗ್ನೂ ಹರ್ಡ್ ಎಂಬ ವ್ಯವಸ್ಥೆಯನ್ನು ಎಬ್ಬಿಸುವ ಪ್ರಯತ್ನದಲ್ಲಿದ್ದಾಗ, ಪ್ರತಿಯೊಂದು ವ್ಯವಸ್ಥೆಗೂ ಪ್ರತ್ಯೇಕ ಲೋಡರ್ ಇರುವುದು ಅನುಚಿತವೆಂದು ಮನಗಂಡು, ಬ್ರಯಾನ್ ಫೋರ್ಡ್ ಅವರೊಡಗೂಡಿ ಮಲ್ಟಿಬೂಟ್ ಎಂಬ ಸಾಮಾನ್ಯ ನಿಯಮಾವಳಿಯನ್ನು ರಚಿಸಿ, ಅದಕ್ಕನುಗುಣವಾದ ಲೋಡರನ್ನು ನಿರ್ಮಿಸಿದರು. 1999ರಲ್ಲಿ ಗಾರ್ಡನ್ ಮಾಟ್ಜಿಗ್‌ಕೈಟ್ ಮತ್ತು ಯೋಶಿನೋರಿ ಒಕುಜಿ ಅವರ ಪಾಲನೆಯಲ್ಲಿ ಅದು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಅಂಗವಾಯಿತು. 2002ರಲ್ಲಿ ಒಕುಜಿಯವರು ಪೂಪಾ ಎಂಬ ಹೆಸರಿನಿಂದ ಆರಂಭಿಸಿದ ಪುನಾರಚನೆಯೇ ಇಂದಿನ ಗ್ರಬ್ 2. ಇದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಅದೇ ಸ್ವಾತಂತ್ರ್ಯದೊಡನೆ ಇತರರಿಗೆ ಹಂಚಬಹುದು.

ಬಯಾಸಿನ ಯುಗ ಮುಗಿಯುತ್ತ ಬಂದಾಗ ಯುಇಎಫ್‌ಐ ಎಂಬ ನೂತನ ಪದ್ಧತಿ ನೆಲೆಗೊಂಡಿತು. ಇದರಲ್ಲಿ 446 ಬೈಟಿನ ಬಂಧನವಿಲ್ಲ. ಡಿಸ್ಕಿನಲ್ಲಿ ಫ್ಯಾಟ್ ವಿನ್ಯಾಸದ ಒಂದು ಪುಟ್ಟ ಪಾರ್ಟಿಶನ್ ಇದ್ದು, ಪ್ರತಿಯೊಂದು ವ್ಯವಸ್ಥೆಯೂ ತನ್ನ ಲೋಡರನ್ನು ಅಲ್ಲಿ ಸಾಧಾರಣ ಕಡತವಾಗಿ ಇರಿಸುತ್ತದೆ. ಇಂಟೆಲ್ ಮ್ಯಾಕ್ ಯಂತ್ರಗಳಿಗಾಗಿ ಕ್ರಿಸ್ಟೋಫ್ ಫಿಸ್ಟರರ್ ಅವರು ರಚಿಸಿದ ರೆಫಿಟ್ ಎಂಬ ಬೂಟ್ ಮ್ಯಾನೇಜರಿನ ಬೆಳವಣಿಗೆ ನಿಂತುಹೋದಾಗ, ಅದರ ಕೋಡ್ ಮುಕ್ತವಾಗಿದ್ದ ಕಾರಣದಿಂದಲೇ 2012ರಲ್ಲಿ ರಾಡರಿಕ್ ಸ್ಮಿತ್ ಅವರು ಅದನ್ನು ಎತ್ತಿಕೊಂಡು ರೆಫೈಂಡ್ ಎಂಬ ಹೆಸರಿನಿಂದ ಮುಂದುವರಿಸಲು ಸಾಧ್ಯವಾಯಿತು. ಯಂತ್ರ ಏಳುವಾಗಲೆಲ್ಲ ಅದು ತಾನೇ ಡಿಸ್ಕನ್ನು ಶೋಧಿಸಿ, ಕಂಡ ವ್ಯವಸ್ಥೆಗಳನ್ನೆಲ್ಲ ಚಿತ್ರಸಹಿತ ಪಟ್ಟಿಯಾಗಿ ತೋರಿಸುತ್ತದೆ. ಒಬ್ಬರು ಇಳಿಸಿದ ಭಾರವನ್ನು ಮತ್ತೊಬ್ಬರು ಅಪ್ಪಣೆ ಬೇಡದೆ ಹೊರಬಹುದಾದ ಈ ಅವಕಾಶವೇ ಮುಕ್ತ ತಂತ್ರಾಂಶದ ಜೀವಾಳವೆಂದು ನಾನು ಭಾವಿಸುತ್ತೇನೆ.

ಕಟ್ಟುವುದು ಒಂದು ಸಾಹಸವಾದರೆ ಪಾಲಿಸುವುದು ಅದಕ್ಕಿಂತ ದೀರ್ಘವಾದ ತಪಸ್ಸು. ಹೊಸ ಫರ್ಮ್‌ವೇರ್, ಹೊಸ ಡಿಸ್ಕ್, ಹೊಸ ಕಡತ ವಿನ್ಯಾಸ ಬಂದಾಗಲೆಲ್ಲ ಬೂಟ್ ಮ್ಯಾನೇಜರ್ ಅದನ್ನು ಕಲಿಯಬೇಕು. ಕಲಿಯುವಾಗ ಹಳೆಯದನ್ನು ಮರೆಯಕೂಡದು. ಪಾಲಕರು ಪ್ರತಿಯೊಂದು ತಿದ್ದುಪಡಿಯನ್ನೂ ಸಾಲುಸಾಲಾಗಿ ಓದಿ, ಕ್ಯೂಇಎಂಯುನಂಥ ತಂತ್ರಾಂಶದೊಳಗೆ ಕಲ್ಪಿತ ಯಂತ್ರಗಳನ್ನು ಎಬ್ಬಿಸಿ ಪರೀಕ್ಷಿಸಿ, ಬಳಿಕ ನಿಜವಾದ ಯಂತ್ರಗಳಲ್ಲಿ ನೋಡುತ್ತಾರೆ. ಇತರ ತಂತ್ರಾಂಶ ಕೆಟ್ಟರೆ ಅದೊಂದೇ ಕೆಟ್ಟೀತು. ಇದು ಕೆಟ್ಟರೆ ಯಂತ್ರವೇ ಏಳದು, ಸರಿಪಡಿಸುವ ಸಾಧನವೂ ಆ ಯಂತ್ರದೊಳಗೇ ಸೆರೆಯಾಗಿರುತ್ತದೆ.

ಎಷ್ಟು ಸೂಕ್ಷ್ಮವಾದ ಪ್ರಮಾದವು ಎಷ್ಟು ದೂರ ಹರಡಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳುಂಟು. 2015ರ ಡಿಸೆಂಬರಿನಲ್ಲಿ ಸ್ಪೇನಿನ ವಲೆನ್ಸಿಯಾದ ಇಬ್ಬರು ಸಂಶೋಧಕರು, ಗ್ರಬ್ ಬಳಕೆದಾರನ ಹೆಸರು ಕೇಳುವಲ್ಲಿ ಬ್ಯಾಕ್‌ಸ್ಪೇಸ್ ಕೀಲಿಯನ್ನು 28 ಬಾರಿ ಒತ್ತಿದರೆ ಅದರ ರಕ್ಷಣೆಯನ್ನೇ ದಾಟಿ ಒಳಹೋಗಬಹುದೆಂದು ತೋರಿಸಿಕೊಟ್ಟರು. ಅಳಿಸುವುದಕ್ಕೆ ಅಕ್ಷರವೇ ಉಳಿದಿಲ್ಲದಾಗಲೂ ಎಣಿಕೆಯು ಸೊನ್ನೆಯಿಂದ ಕೆಳಗೆ ಇಳಿಯುತ್ತಲೇ ಇದ್ದುದು ಅದರ ಕಾರಣ; ಅಕ್ಷರವಿದ್ದರೆ ಮಾತ್ರ ಅಳಿಸು ಎಂಬ ಒಂದು ಷರತ್ತು ಅದರ ಪರಿಹಾರ. 2020ರ ಜುಲೈನಲ್ಲಿ ಬೂಟ್‌ಹೋಲ್ ಎಂಬ ದೋಷ ಬಯಲಾಯಿತು. ಗ್ರಬ್ಬಿನ ಸಂಯೋಜನಾ ಕಡತದಲ್ಲಿ ಮಿತಿಮೀರಿ ಉದ್ದವಾದ ಪದವೊಂದು ಬಂದಾಗ, ದೋಷವನ್ನು ಸಾರಿ ನಿಲ್ಲಬೇಕಾದ ಭಾಗವು ನಿಲ್ಲದೆ ಮುಂದುವರಿಯುತ್ತಿತ್ತು. ಸಹಿಯಿಲ್ಲದ ಸಂಕೇತವನ್ನು ತಡೆಯಲೆಂದು ಇರುವ ಸೆಕ್ಯೂರ್ ಬೂಟ್ ವ್ಯವಸ್ಥೆಯೇ ಇದರಿಂದ ವ್ಯರ್ಥವಾಗುವ ಅಪಾಯವಿದ್ದುದರಿಂದ ಲಿನಕ್ಸ್ ವಿತರಣೆಗಳೂ ಮೈಕ್ರೋಸಾಫ್ಟ್ ಸಂಸ್ಥೆಯೂ ಕೂಡಿ ಪರಿಹಾರವನ್ನು ಹೊರತಂದವು. ಆದರೂ ಕೆಲವು ವಿತರಣೆಗಳಲ್ಲಿ ಆ ಪರಿಹಾರದ ಕಂತಿನಿಂದಲೇ ಯಂತ್ರಗಳು ಏಳದೆ ನಿಂತವು. 2024ರ ಆಗಸ್ಟಿನಲ್ಲಿ ವಿಂಡೋಸಿನ ಭದ್ರತಾ ನವೀಕರಣವೊಂದು ಹಳೆಯ ಲೋಡರುಗಳನ್ನು ತಡೆಹಿಡಿದಾಗ, ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡಿದ್ದ ಅನೇಕರಿಗೆ ಲಿನಕ್ಸ್ ತೆರೆಯದಂತಾಯಿತು. ಈ ಕ್ಷೇತ್ರದಲ್ಲಿ ಔಷಧವನ್ನು ಕೊಡುವುದಕ್ಕೂ ರೋಗವನ್ನು ಕಂಡುಹಿಡಿಯುವಷ್ಟೇ ಎಚ್ಚರ ಬೇಕೆಂಬುದಕ್ಕೆ ಇವು ಸಾಕ್ಷಿ.

ಇಷ್ಟು ಭಾರವನ್ನು ಹೊರುವವರ ಸಂಖ್ಯೆ ಮಾತ್ರ ಅಲ್ಪ. ಗ್ರಬ್ 2.00 ಹೊರಬಂದದ್ದು 2012ರಲ್ಲಿ, ಮುಂದಿನ 2.02 ಬಂದದ್ದು 2017ರಲ್ಲಿ. ಕೆಲಸಕ್ಕೆ ತಕ್ಕಷ್ಟು ಕೈಗಳಿರಲಿಲ್ಲವೆಂಬುದನ್ನು ಆ ದೀರ್ಘ ಅಂತರವೇ ಹೇಳುತ್ತದೆ. ಲಿಲೋವಿನ ಬೆಳವಣಿಗೆಯಂತೂ 2015ರ ಅಂತ್ಯಕ್ಕೆ ನಿಂತೇಹೋಯಿತು.

ಇದೆಲ್ಲ ದೂರದ ಮಾತೆಂದು ನಮ್ಮ ಸೀಮೆಯವರು ತಿಳಿಯಬೇಕಾಗಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಅಂಗ ಮೊದಲಾದವುಗಳಿಲ್ಲದ ಹಳೆಯ ಯಂತ್ರಗಳು, ಮೈಯಲ್ಲಿ ಕಸುವಿದ್ದರೂ, ಮೂಲೆ ಸೇರುವ ಸ್ಥಿತಿಗೆ ಬಂದಿವೆ. ಅಂಥ ಯಂತ್ರದಲ್ಲಿ ಹಳೆಯ ಲೆಕ್ಕದ ತಂತ್ರಾಂಶಕ್ಕಾಗಿ ವಿಂಡೋಸನ್ನು ಉಳಿಸಿಕೊಂಡು, ಅಂತರ್ಜಾಲದ ಮತ್ತು ನಿತ್ಯದ ಕೆಲಸಕ್ಕೆ ಲಿನಕ್ಸನ್ನು ಹಾಕಿಕೊಳ್ಳಲು ಬೂಟ್ ಮ್ಯಾನೇಜರೇ ಸಾಧನ. ಹಾಗೆ ಮಾಡುವವರು ಮೊದಲು ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸಬೇಕು. ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗವಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಲಿನಕ್ಸ್ ಇರುವ ಪೆನ್‌ಡ್ರೈವ್ ಒಂದನ್ನು ಸದಾ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಬೇಕು. ಬೂಟ್ ಆಗದ ಯಂತ್ರದಲ್ಲಿ ಬಹಳ ಸಲ ಕಡತಗಳು ಕ್ಷೇಮವಾಗಿಯೇ ಇದ್ದು, ಕೆಟ್ಟಿರುವುದು ಲೋಡರ್ ಒಂದೇ ಆಗಿರುತ್ತದೆ. ಆ ಪೆನ್‌ಡ್ರೈವಿನಿಂದ ಎಬ್ಬಿಸಿ ಲೋಡರನ್ನು ಮರಳಿ ಸ್ಥಾಪಿಸಿದರೆ ಯಂತ್ರ ಸರಿಹೋದೀತು. ಆದುದರಿಂದ "ಫಾರ್ಮ್ಯಾಟ್ ಹೊಡೀತೀನ್ರಿ" ಎಂಬ ಮಾತಿಗೆ ಯಾರೂ ಒಡನೆಯೇ ಸಮ್ಮತಿಸಬಾರದು.

ಮುಕ್ತ ತಂತ್ರಾಂಶದ ಇಂಥ ಬಳಕೆ ಶಾಲೆಯ ಮಟ್ಟದಿಂದಲೇ ಸಾಧ್ಯವೆಂಬುದನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ ತಿಳಿಯಬಹುದು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿ ಈಗ ಕೈಟ್ ಎಂಬ ಹೆಸರಿನಿಂದ ನಡೆಸುತ್ತಿರುವ ಯೋಜನೆಯ ಮೂಲಕ, ಅವರು ಗಣಕವನ್ನು ಮುಕ್ತ ತಂತ್ರಾಂಶದ ಮೇಲೆಯೇ ಕಲಿಯುತ್ತಿದ್ದಾರೆ. ನಮ್ಮಲ್ಲಿಯೂ ಚಿಕ್ಕೋಡಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯಲ್ಲಿ ವಿ.ಎಸ್.ಎಂ. ಸಂಸ್ಥೆಯ ಕಾಲೇಜು ಇವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಬೆಳಗಾವಿಯಲ್ಲಿದೆ. ವಿದ್ಯಾರ್ಥಿಯು ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಗ್ರಬ್ ಅಥವಾ ರೆಫೈಂಡಿನ ಕೋಡನ್ನು ಇಳಿಸಿಕೊಂಡು, ಕಟ್ಟಿ, ಕ್ಯೂಇಎಂಯುವಿನಲ್ಲಿ ಎಬ್ಬಿಸಿ ನೋಡುವುದಕ್ಕೆ ಯಾವ ಶುಲ್ಕವೂ ಇಲ್ಲ, ಯಾರ ಅನುಮತಿಯೂ ಬೇಡ. ಕನ್ನಡದ ಕೆಲಸವೂ ಅಲ್ಲಿ ಕಾದಿದೆ: ವ್ಯವಸ್ಥೆ ಎದ್ದ ಮೇಲೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿಕೊಡಲು ಹಾರ್ಫ್‌ಬಜ್‌ನಂಥ ತಂತ್ರಾಂಶವಿದೆ, ಅದಕ್ಕೆ ಮುನ್ನಿನ ಆ ಇಕ್ಕಟ್ಟಿನ ಸ್ಥಳದಲ್ಲಿ ನಮ್ಮ ಲಿಪಿಯನ್ನು ಶುದ್ಧವಾಗಿ ಮೂಡಿಸುವುದು ಯೋಗ್ಯನಾದ ತರುಣನಿಗೆ ತಕ್ಕ ಸವಾಲು.

ಈ ಐದು ತಾಲೂಕುಗಳ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೇ: ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯವನ್ನು ಆರಿಸುವಾಗ, ಹೊಸದೊಂದನ್ನು ಮಾಡಿ ಮರೆತುಬಿಡುವ ಬದಲು, ಜಗತ್ತೆಲ್ಲ ನಿತ್ಯವೂ ಬಳಸುವ ಈ ತಂತ್ರಾಂಶದಲ್ಲಿ ಒಂದು ದೋಷವನ್ನಾದರೂ ಹುಡುಕಿ ತಿದ್ದುವ ಕೆಲಸವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಒಪ್ಪಿಸಿರಿ. ಪಾಲನೆಯನ್ನು ಕಲಿತ ಎಂಜಿನಿಯರನು ಯಾವ ಊರಿನಲ್ಲಿದ್ದರೂ ಆ ಊರಿನ ಯಂತ್ರಗಳು ನಿಲ್ಲುವುದಿಲ್ಲ.