ಪುಕ್ಕಟೆ ಬಂದ ಒನಕೆಗೆ ವರ್ಷಕ್ಕೆ 175 ರೂಪಾಯಿ

ಅಜ್ಜಿಯ ಕಾಲದ ಒನಕೆಯನ್ನು ಊರಿನ ಮ್ಯೂಸಿಯಂಗೆ ಕೊಡುವವರು ಕಾಸು ಕೇಳುವುದಿಲ್ಲ. ಇಸಿದುಕೊಂಡವರಿಗೂ ಪುಕ್ಕಟೆ ಬಂತೆಂಬ ಸಂತೋಷ. ಲೆಕ್ಕ ಹಾಕಿ ನೋಡಿದರೆ ಮೂಲೆಯಲ್ಲಿ ಸುಮ್ಮನೆ ನಿಂತ ಆ ಒನಕೆಗೆ ವರ್ಷಕ್ಕೆ 175 ರೂಪಾಯಿ ಖರ್ಚಿದೆ.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ಮಲೆನಾಡಿನ ಒಂದು ಹಳ್ಳಿ. ಯಾರೋ ಬಿಟ್ಟುಕೊಟ್ಟ ಹೆಂಚಿನ ಮನೆ, ಬಾಡಿಗೆ ಸೊನ್ನೆ. ಒಳಗೆ 400 ವಸ್ತು. ಸಂಬಳದವರು ಒಬ್ಬರೂ ಇಲ್ಲ. ಶನಿವಾರ, ಭಾನುವಾರ 5 ಗಂಟೆ ಬಾಗಿಲು ತೆರೆದಿರುತ್ತದೆ, ಊರಿನ ಇಬ್ಬರು ಕೂತಿರುತ್ತಾರೆ. ಕೆಳಗಿನ ದರಗಳಲ್ಲಿ ಕೆಲವು ನನ್ನ ಅಂದಾಜು. ನಿಮ್ಮೂರಿನ ದರ ಹಾಕಿಕೊಂಡು ನೀವೇ ಕೂಡಿಸಿ ನೋಡಬಹುದು.

ಮೊದಲು ಕರೆಂಟು. 9 ವ್ಯಾಟಿನ 8 ಎಲ್‌ಇಡಿ ಬಲ್ಬು, ವರ್ಷಕ್ಕೆ 104 ದಿನ, ದಿನಕ್ಕೆ 5 ಗಂಟೆ ಉರಿದರೆ 37 ಯೂನಿಟ್ ಚಿಲ್ಲರೆ. ಯೂನಿಟ್‌ಗೆ 10 ರೂಪಾಯಿ ಹಿಡಿದರೂ 374 ರೂಪಾಯಿ. ಬೆಳಕು ಅಗ್ಗ. ಥಂಡಿ ದುಬಾರಿ. ಗಾಳಿಯ ತೇವಾಂಶ ಶೇ. 65-70 ದಾಟಿ ಹಾಗೇ ನಿಂತರೆ ಕಾಗದ, ಬಟ್ಟೆ, ತೊಗಲಿಗೆ ಬೂಸ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆ ಮಟ್ಟ ದಾಟದ ದಿನ ಹುಡುಕಬೇಕು. ಥಂಡಿ ಹೀರುವ 300 ವ್ಯಾಟಿನ ಯಂತ್ರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನ, ದಿನಕ್ಕೆ 10 ಗಂಟೆ ಓಡಿಸಿದರೆ 366 ಯೂನಿಟ್, 3,660 ರೂಪಾಯಿ. ವರ್ಷವಿಡೀ ಉರಿದ ದೀಪಗಳ ಸುಮಾರು ಹತ್ತು ಪಟ್ಟನ್ನು ನಾಲ್ಕು ತಿಂಗಳ ಮಳೆಯೊಂದೇ ತಿನ್ನುತ್ತದೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸಲು, ಗೆದ್ದಲಿಗೆ ಔಷಧಿ ಹೊಡೆಸಲು 15,000 ಇಡೋಣ. ದಾಖಲೆ ಪುಸ್ತಕ, ಪೆಟ್ಟಿಗೆ, ಸುತ್ತಿಡುವ ಹತ್ತಿ ಬಟ್ಟೆಗೆ 3,000. ಕೈಯಿಂದ ಹೋಗುವ ದುಡ್ಡು ಒಟ್ಟು 22,034 ರೂಪಾಯಿ.

ಊರಿನ ಸಭೆಯಲ್ಲಿ ಓದಿ ಹೇಳುವ ಲೆಕ್ಕ ಸಾಮಾನ್ಯವಾಗಿ ಇಷ್ಟಕ್ಕೆ ಮುಗಿಯುತ್ತದೆ. ದೊಡ್ಡ ಖರ್ಚು ಇದರಲ್ಲಿ ಸೇರಿಯೇ ಇಲ್ಲ. ಇಬ್ಬರು, 5 ಗಂಟೆ, 104 ದಿನ ಎಂದರೆ 1,040 ಗಂಟೆ, ಅಂದರೆ ಎಂಟು ಗಂಟೆಯ 130 ಆಳು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮ್ಯೂಸಿಯಂ ಕಾಯುವವರನ್ನು ಕೆರೆ ಹೂಳೆತ್ತುವವರ ದರದಲ್ಲೇ ಹಿಡಿದರೂ 48,100 ರೂಪಾಯಿ ಆಯಿತು. ಎರಡನ್ನೂ ಕೂಡಿಸಿದರೆ 70,134. ಅದನ್ನು 400 ವಸ್ತುಗಳಿಗೆ ಹಂಚಿದಾಗ ತಲಾ 175 ರೂಪಾಯಿ ಬರುತ್ತದೆ.

ಅಮೆರಿಕದಲ್ಲಿ ಈ ಲೆಕ್ಕವನ್ನು ಬಹಿರಂಗವಾಗಿಯೇ ಹಾಕುತ್ತಾರೆ. 2014ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಎಣಿಸಿದಾಗ ದೇಶದಲ್ಲಿ 35,144 ಮ್ಯೂಸಿಯಂಗಳಿದ್ದವು. ಅದರಲ್ಲಿ ಶೇ. 48ರಷ್ಟು ಸ್ಥಳೀಯ ಇತಿಹಾಸದ ಸಂಘಗಳು, ಹಳೆಯ ಮನೆಗಳು, ಇತಿಹಾಸದ ತಾಣಗಳು. ಸ್ವಯಂಸೇವಕರ ಒಂದು ಗಂಟೆಯ ಬೆಲೆಯನ್ನು ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆ 2023ಕ್ಕೆ 33.49 ಡಾಲರ್ ಎಂದು ಗೊತ್ತುಮಾಡಿತ್ತು. ನಮ್ಮ 1,040 ಗಂಟೆಯನ್ನು ಆ ದರಕ್ಕೆ ಇಟ್ಟರೆ 34,830 ಡಾಲರ್. ಅಷ್ಟು ದುಡ್ಡು ಯಾರ ಕೈಗೂ ಬರುವುದಿಲ್ಲ ನಿಜ. ಆದರೆ ಅನುದಾನ ಕೇಳುವಾಗ ಊರಿನವರು ತಮ್ಮ ಪಾಲು ಇಷ್ಟು ಎಂದು ತೋರಿಸಲು ಅರ್ಜಿಯಲ್ಲಿ ಒಂದು ಅಂಕಿ ಇರುತ್ತದೆ. ನಮ್ಮಲ್ಲಿ ಆ ಜಾಗದಲ್ಲಿ 'ಸೇವೆ' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಟಿಕೆಟ್ ಇಟ್ಟರೆ ಸಾಲದೇ? 10 ರೂಪಾಯಿ ಟಿಕೆಟ್‌ನಲ್ಲಿ ಕೈಖರ್ಚು ಮಾತ್ರ ಹುಟ್ಟಬೇಕಾದರೆ ವರ್ಷಕ್ಕೆ 2,204 ಜನ, ತೆರೆದ ದಿನಕ್ಕೆ 21 ಜನ ಬರಬೇಕು. ಶಾಲೆಯ ಎರಡು ಬಸ್ಸು, ಜಾತ್ರೆಯ ಒಂದು ವಾರ ಸಿಕ್ಕರೆ ಹತ್ತಿರ ಹೋಗಬಹುದು. ಕೂಲಿಯೂ ಹುಟ್ಟಬೇಕೆಂದರೆ ದಿನಕ್ಕೆ 67 ಜನ. ಹಳ್ಳಿಯಲ್ಲಿ ಅದು ಆಗುವ ಮಾತಲ್ಲ.

ಹಾಗಾದರೆ ಉಳಿಸುವುದು ಎಲ್ಲಿ? ಬೇಡ ಎನ್ನುವುದರಲ್ಲಿ. ಹತ್ತು ಮನೆಯ ಹತ್ತು ಒನಕೆ ಇಟ್ಟುಕೊಂಡರೆ ವರ್ಷಕ್ಕೆ 1,753 ರೂಪಾಯಿಯ ಜಾಗ, ಆಳು, ಔಷಧಿ. ಅದರಲ್ಲಿ ಒಂಬತ್ತು ಒನಕೆ ಹೊಸದೇನೂ ಹೇಳುವುದಿಲ್ಲ. ಬೀಸುವ ಕಲ್ಲು, ಲಾಟೀನು, ತಾಮ್ರದ ಹಂಡೆಗಳ ಕತೆಯೂ ಇದೇ. ಕೊಟ್ಟವರಿಗೆ ಬೇಜಾರಾದೀತೆಂದು ಇಸಿದುಕೊಂಡು, ಆಮೇಲೆ ಅಟ್ಟದ ಮೇಲೆ ಗೆದ್ದಲಿಗೆ ಹಾಕುವುದು ಇನ್ನೂ ದೊಡ್ಡ ಅವಮಾನ.

ಕಾಳು ಅಳೆಯುವ ಕೊಳಗದ ಮಾತು ಬೇರೆ. ಹತ್ತು ಮನೆಯ ಹತ್ತು ಕೊಳಗ ಬಂದರೆ ಹತ್ತನ್ನೂ ಇಟ್ಟುಕೊಳ್ಳಿ. 20 ಕೊಳಗಕ್ಕೆ ಒಂದು ಕಂಡುಗ ಎಂಬ ಲೆಕ್ಕ ಎಲ್ಲೆಡೆ ಕೇಳಿಬಂದರೂ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. 1956ರ ಅಳತೆ-ತೂಕದ ಕಾನೂನು ಬಂದು, 1958ರಿಂದ ಹಂತಹಂತವಾಗಿ ಕಿಲೋ, ಲೀಟರು ಜಾರಿಯಾಗುವವರೆಗೆ ಗೇಣಿ, ಕೂಲಿ, ಸಾಲ ಎಲ್ಲವೂ ಇಂಥ ಅಳತೆಗಳಲ್ಲೇ ನಡೆದದ್ದು. ಪ್ರತಿ ಕೊಳಗಕ್ಕೂ ಅಕ್ಕಿ ತುಂಬಿ, ಎಷ್ಟು ಲೀಟರು ಹಿಡಿಯಿತು, ಯಾವ ಮನೆಯದು, ಕೂಲಿ ಅಳೆಯುತ್ತಿದ್ದದ್ದೋ ಗೇಣಿ ಅಳೆಯುತ್ತಿದ್ದದ್ದೋ ಎಂದು ಬರೆದಿಟ್ಟರೆ ಒಂದು ಸೀಮೆಯ ಆರ್ಥಿಕ ಇತಿಹಾಸಕ್ಕೆ ಬೇರೆಲ್ಲೂ ಸಿಗದ ಪಟ್ಟಿಯೊಂದು ಸಿಗುತ್ತದೆ. ಕೆಳದಿಯ ಶಿವಪ್ಪನಾಯಕ 12 ವರ್ಷದ ಬೆಳೆ ನೋಡಿ ಕಂದಾಯದ ಶಿಸ್ತು ಗೊತ್ತುಮಾಡಿದನೆಂದು ಹೇಳುವ ನಾಡಿನಲ್ಲಿ ಒಂದು ಕೊಳಗ ಅಳೆಯಲು ಹತ್ತು ನಿಮಿಷ ಇಲ್ಲವೆನ್ನುವುದು ಚೆನ್ನಾಗಿರದು.

ಬರೆಯುವುದಕ್ಕೂ ಲೆಕ್ಕವಿದೆ. ಒಂದು ವಸ್ತುವನ್ನು ಒರೆಸಿ, ಅಳೆದು, ಫೋಟೊ ತೆಗೆದು, ಕೊಟ್ಟವರನ್ನು ವಿಚಾರಿಸಿ ದಾಖಲಿಸಲು 40 ನಿಮಿಷ ಹಿಡಿದರೆ 400 ವಸ್ತುವಿಗೆ 267 ಗಂಟೆ, ಅಂದರೆ 33 ಆಳು, 12,300 ರೂಪಾಯಿ ಚಿಲ್ಲರೆ. ಇದು ಒಮ್ಮೆ ಮಾತ್ರ ಬರುವ ಖರ್ಚು. ನಂಬರ್ 2025.14.3 ಎಂದಿದ್ದರೆ 2025ರಲ್ಲಿ ಬಂದ 14ನೇ ದಾನದ 3ನೇ ವಸ್ತು ಎಂದು ಮುಂದಿನವರಿಗೂ ಗೊತ್ತಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಸಿಗುವ ಕಡತವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹುಣಸೆಬೀಜದ ಅಂಟು, ಇದ್ದಿಲು ಹಚ್ಚಿದ ಕಡತದ ಬಟ್ಟೆಯ ಮೇಲಿನ ಬಳಪದ ಬರಹ ಒಂದೇ ಸಲ ಒರೆಸಿದರೂ ಹೋಗುತ್ತದೆ. ಹಳೆಯ ಕಾಗದಕ್ಕೆ, ಬಟ್ಟೆಗೆ 50 ಲಕ್ಸ್ ಬೆಳಕು ಸಾಕು. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಕಿಟಕಿಯ ಬಿಸಿಲು ಒಂದು ಗಂಟೆ ಬಿದ್ದರೆ 2,000 ಗಂಟೆಯ ದೀಪಕ್ಕೆ ಸಮ, ನಮ್ಮ ಮಾದರಿಯಲ್ಲಿ ಸುಮಾರು ನಾಲ್ಕು ವರ್ಷದ ಪ್ರದರ್ಶನ. 200 ರೂಪಾಯಿಯ ದಪ್ಪ ಪರದೆಗಿಂತ ಲಾಭದ ಖರ್ಚು ಮ್ಯೂಸಿಯಂನಲ್ಲಿ ಇನ್ನೊಂದಿಲ್ಲ.

ಕಾಗದಪತ್ರಕ್ಕೂ ಅಂಕಿಗಳಿವೆ. ಮ್ಯೂಸಿಯಂ ನಡೆಸಲು ಸಂಘ ಕಟ್ಟುವುದಾದರೆ ಕರ್ನಾಟಕದ ಸಂಘಗಳ ನೋಂದಣಿ ಕಾನೂನಿನಲ್ಲಿ ಕನಿಷ್ಠ 7 ಜನ ಬೇಕು. 1972ರ ಪುರಾವಸ್ತು ಕಾನೂನಿನ ಪ್ರಕಾರ 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತುಗಳೇ. ಹಳೆಯ ವಿಗ್ರಹ ಬಂದರೆ ನೋಂದಾಯಿಸದೆ ಇಟ್ಟುಕೊಳ್ಳುವಂತಿಲ್ಲ.

ಸಾಗರದ ಹತ್ತಿರದ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿದ ಮ್ಯೂಸಿಯಂ ಇಂದು ಕುವೆಂಪು ವಿಶ್ವವಿದ್ಯಾಲಯದ ಆಸರೆಯಲ್ಲಿದೆ. ಎಲ್ಲ ಊರಿಗೂ ವಿಶ್ವವಿದ್ಯಾಲಯ ಸಿಗುವುದಿಲ್ಲ. ಉಳಿದವರಿಗೆ ಇರುವುದು ಊರಿನ ಜನರ ಗಂಟೆಗಳೇ. 22 ಜನ ತಿಂಗಳಿಗೆ 4 ಗಂಟೆ ಕೊಟ್ಟರೆ ವರ್ಷಕ್ಕೆ 1,056 ಗಂಟೆ. ನಮ್ಮ ಮಾದರಿಯ ಬಾಗಿಲು ಕಾಯಲು ಅಷ್ಟು ಸಾಕು. ಆದ್ದರಿಂದ ಒನಕೆ ಹೊತ್ತು ತಂದವರ ಹೆಸರಿನ ಜೊತೆಗೆ ಅವರು ಯಾವ ಶನಿವಾರ ಬಂದು ಕೂರುತ್ತಾರೆಂದೂ ಬರೆದುಕೊಳ್ಳಿ. 22 ಜನ ಸಿಗದಿದ್ದರೆ ವಾರಕ್ಕೆ ಒಂದೇ ದಿನ ತೆರೆಯಿರಿ, 11 ಜನ ಸಾಕು.