ನಿವೃತ್ತನಿಗೊಂದು ನೆಲೆ

ಒಂದು ದೇಶದಲ್ಲಿ ದುಡಿದು ಅದಕ್ಕಿಂತ ಅಗ್ಗವಾದ ಮತ್ತೊಂದು ದೇಶದಲ್ಲಿ ಮುಪ್ಪನ್ನು ಕಳೆಯುವ ಪದ್ಧತಿ ಏಷ್ಯಾಖಂಡಕ್ಕೆ ಹೊಸದೇನೂ ಅಲ್ಲ. 1986ರಷ್ಟು ಹಿಂದೆಯೇ ಜಪಾನಿನ ಸರ್ಕಾರವು ತನ್ನ ನಿವೃತ್ತ ಪ್ರಜೆಗಳನ್ನು ಪರದೇಶಗಳಲ್ಲಿ ನೆಲೆಗೊಳಿಸುವ ಉದ್ದೇಶದಿಂದ ‘ಸಿಲ್ವರ್ ಕೊಲಂಬಿಯಾ’ ಎಂಬ ಯೋಜನೆಯೊಂದನ್ನು ಮುಂದಿಟ್ಟು, ಮುದುಕರನ್ನೂ ರಫ್ತು ಮಾಡಹೊರಟಿರಾ ಎಂಬ ಟೀಕೆಗೆ ಗುರಿಯಾಯಿತು. ತರುವಾಯ ಮಲೇಷ್ಯಾವು 2002ರಿಂದ ತನ್ನ ನಾಡನ್ನು ‘ಎರಡನೆಯ ಮನೆ’ಯಾಗಿ ಮಾಡಿಕೊಳ್ಳಬಯಸುವ ಪರದೇಶಿಗರಿಗೆ ಬಾಗಿಲು ತೆರೆಯಿತು, ಫಿಲಿಪ್ಪೀನ್ಸ್ ದೇಶವು ನಿವೃತ್ತರಿಗಾಗಿಯೇ ವಿಶೇಷ ವೀಸಾ ಏರ್ಪಡಿಸಿದೆ, ಥಾಯ್ಲೆಂಡಿನಲ್ಲಿಯಾದರೋ ಐವತ್ತು ದಾಟಿದ ಪರದೇಶಿಗನು 8 ಲಕ್ಷ ಬಾತ್‌ಗಳನ್ನು ಅಲ್ಲಿಯ ಬ್ಯಾಂಕಿನಲ್ಲಿಟ್ಟರೆ ಅಥವಾ ತಿಂಗಳಿಗೆ 65,000 ಬಾತ್ ವರಮಾನವನ್ನು ತೋರಿಸಿದರೆ, ವರ್ಷ ವರ್ಷವೂ ಅನುಮತಿಯನ್ನು ನವೀಕರಿಸಿಕೊಂಡು ನೆಲೆಸಬಹುದಾಗಿದೆ.

ಅಮೆರಿಕದ ಅಥವಾ ಜರ್ಮನಿಯ ಪೆನ್ಷನ್‌ದಾರನಿಗೆ ಇದು ಮಿತವ್ಯಯದ ಮಾರ್ಗವೇ ಸರಿ. ನಮ್ಮ ಮಧ್ಯಮವರ್ಗದವನಿಗೆ ಹಾಗಲ್ಲ. ಬಾತ್ ಒಂದಕ್ಕೆ ಎರಡೂವರೆ ರೂಪಾಯಿ ಎಂದೇ ಹಿಡಿದರೂ ಅಲ್ಲಿಯ ಠೇವಣಿಗೆ ಬೇಕಾದುದು 20 ಲಕ್ಷ ರೂಪಾಯಿ. ವರಮಾನವನ್ನೇ ತೋರಿಸುವುದಾದರೆ ತಿಂಗಳಿಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿ. ಅದೇ 20 ಲಕ್ಷವನ್ನು ನಮ್ಮ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತೊಡಗಿಸಿದರೆ, ಈಚಿನ ವರ್ಷಗಳ ಶೇಕಡಾ 8.2ರ ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಕೈಗೆ ಬರುತ್ತದೆ. ಪರದೇಶದ ಬ್ಯಾಂಕಿನಲ್ಲಿ ಜಾಮೀನಿನಂತೆ ಬಿದ್ದಿರಬೇಕಾದ ಮೊತ್ತವು ಸ್ವದೇಶದಲ್ಲಿ ಇಬ್ಬರು ವೃದ್ಧರ ದಿನಸಿ, ಹಾಲು, ವಿದ್ಯುತ್ತು ಮೊದಲಾದ ನಿತ್ಯದ ವೆಚ್ಚವನ್ನು ಬಹುಮಟ್ಟಿಗೆ ಹೊರಬಲ್ಲುದು.

ಆದಕಾರಣ ಆ ಪದ್ಧತಿಯ ಸಾರವನ್ನು ಮಾತ್ರ ಸ್ವೀಕರಿಸಿ ದೂರವನ್ನು ಬಿಟ್ಟುಬಿಡುವುದು ವಿವೇಕ. ದುಬಾರಿಯಾದ ಸ್ಥಳದಲ್ಲಿ ಗಳಿಸಿದುದನ್ನು ಸೋವಿಯಾದ ಸ್ಥಳದಲ್ಲಿ ಖರ್ಚುಮಾಡಬೇಕೆಂಬುದಷ್ಟೇ ಅದರ ಸೂತ್ರವಾದ ಪಕ್ಷದಲ್ಲಿ, ಬೆಂಗಳೂರಿನಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಬಾಡಿಗೆಗೂ ಔಷಧಕ್ಕೂ ಪೆನ್ಷನ್ನನ್ನು ಹಂಚಲಾರದೆ ಪೇಚಾಡುವ ಗುಮಾಸ್ತನಿಗೆ, ಉಪಾಧ್ಯಾಯಿನಿಗೆ, ಕಾರ್ಖಾನೆಯ ಕೆಲಸಗಾರನಿಗೆ ವಿಮಾನದ ಟಿಕೆಟ್ಟು ಬೇಕಾಗಿಲ್ಲ. ಮೈಸೂರು ಕಡೆಯ ರೈಲಿನಲ್ಲಿ ಒಂದು ಗಂಟೆಯ ಪ್ರಯಾಣ ಸಾಕು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರನ್ನು ಪಡೆದ ಸೀಮೆಯ ನಾಲ್ಕು ಪಟ್ಟಣಗಳು, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ, ರಾಜಧಾನಿಯಿಂದ ಸುಮಾರು ಐವತ್ತು ಅರುವತ್ತು ಕಿಲೋಮೀಟರುಗಳ ಅಂತರದೊಳಗೇ ಇವೆ.

ಈ ನಾಲ್ಕರಲ್ಲಿ ರೈಲಿನ ಭಾಗ್ಯವಿರುವುದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ಮಾತ್ರ. ಕಳೆದ ಶತಮಾನಕ್ಕೂ ಹಿಂದೆ, ಭೀಕರ ಕ್ಷಾಮದ ಕಾಲದಲ್ಲಿ ಪರಿಹಾರಕಾರ್ಯವಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುಮಾರ್ಗವು ಇಂದು ಜೋಡಿಹಳಿಯಾಗಿ, ಬೆಳಗ್ಗೆ ಹೊರಟು ಬೆಂಗಳೂರಿನ ವೈದ್ಯರನ್ನು ಕಂಡು ಸಂಜೆಗೆ ಮನೆ ಸೇರುವ ಅನುಕೂಲವನ್ನು ಒದಗಿಸಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ಎರಡೂ ಪಟ್ಟಣಗಳನ್ನು ಬಳಸಿಕೊಂಡು ಹೋಗುವುದರಿಂದ ಪೇಟೆಯ ಹಳೆಯ ರಸ್ತೆಯಲ್ಲಿ ಲಾರಿಗಳ ಹಾವಳಿ ತಗ್ಗಿದೆ; ಆದರೆ ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಪ್ರವೇಶವಿಲ್ಲದ ಕಾರಣ, ಸ್ಕೂಟರನ್ನೇ ನೆಚ್ಚಿದ ಹಿರಿಯರು ಸರ್ವೀಸ್ ರಸ್ತೆಯನ್ನೇ ಹಿಡಿಯಬೇಕು. ಕನಕಪುರಕ್ಕೂ ಮಾಗಡಿಗೂ ಬಸ್ಸೇ ಗತಿ. ಅರುವತ್ತು ತುಂಬಿದವರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇಕಡಾ 25ರಷ್ಟು ರಿಯಾಯಿತಿಯುಂಟು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಮನೆಯೊಡತಿಗಂತೂ ಟಿಕೆಟ್ಟಿನ ದುಡ್ಡೇ ಬೇಕಿಲ್ಲ. ಕನಕಪುರದವರಿಗೆ ಇನ್ನೊಂದು ಸೌಕರ್ಯವೂ ಇದೆ: 2021ರಿಂದ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಮೆಟ್ರೋ ಬಂದಿರುವುದರಿಂದ ಅಲ್ಲಿ ಬಸ್ಸಿಳಿದು ನಗರದ ಒಳಭಾಗವನ್ನು ನಿರಾಯಾಸವಾಗಿ ಸೇರಬಹುದು.

ಇನ್ನು ಊರೂರಿನ ಸ್ವಭಾವವೂ ಬೇರೆ ಬೇರೆ. ರಾಮನಗರವು ಜಿಲ್ಲಾಕೇಂದ್ರ; ಕಚೇರಿಗಳು, ಜಿಲ್ಲಾಸ್ಪತ್ರೆ, ರೇಷ್ಮೆಗೂಡಿನ ಪ್ರಖ್ಯಾತ ಮಾರುಕಟ್ಟೆ ಎಲ್ಲವೂ ಅಲ್ಲಿಯೇ ಇರುವುದರಿಂದ ಪೇಟೆಗೆ ಬೆಳಗಿನಿಂದಲೇ ಕಳೆ. ಹಿಂದೆ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ಈ ಊರಿನ ಸುತ್ತಣ ಹೆಬ್ಬಂಡೆಗಳ ಬೆಟ್ಟಗಳು ನೋಟಕ್ಕೆ ಭವ್ಯವಾದರೂ, ಬೇಸಿಗೆಯಲ್ಲಿ ಆ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಇರುಳಿನಲ್ಲಿ ಕಕ್ಕುತ್ತವೆಂಬುದನ್ನು ಬೆಂಗಳೂರಿನ ತಂಪಿಗೆ ಒಗ್ಗಿದ ವೃದ್ಧರು ಮರೆಯಲಾಗದು. ಮಾಗಡಿ ಕೆಂಪೇಗೌಡರ ವಂಶದವರು ಕೋಟೆ ಕಟ್ಟಿ ಆಳಿದ ಊರು. ತಿರುಮಲೆಯ ರಂಗನಾಥಸ್ವಾಮಿಯ ದೇವಾಲಯ, ದೂರದಲ್ಲಿ ಸಾವನದುರ್ಗ, ಚಳಿಗಾಲ ಬಂತೆಂದರೆ ಸಂತೆಯ ತುಂಬ ಸೊಗಡಿನ ಅವರೆಕಾಯಿ. 111 ವರ್ಷ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿದ್ದು ಇದೇ ತಾಲ್ಲೂಕಿನ ವೀರಾಪುರದಲ್ಲಿ. ಕನಕಪುರವು ರೇಷ್ಮೆಯ, ಕಲ್ಲುಗಣಿಗಳ, ಕಾವೇರಿಯ ಕಾಡಿನ ಸೀಮೆ; ಸಂಗಮ, ಮೇಕೆದಾಟುಗಳ ದಾರಿಯಲ್ಲಿ ತೋಟದ ಮನೆ ಮಾಡುವವರು ಆನೆಗಳ ಓಡಾಟವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಚನ್ನಪಟ್ಟಣದ ಮಾತನ್ನು ಕೊನೆಗೆ ಉಳಿಸಿಕೊಂಡುದಕ್ಕೆ ಕಾರಣವುಂಟು. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯನ್ನೂ ಅಂಬೆಗಾಲು ಕೃಷ್ಣನನ್ನೂ ಕಂಡುಬಂದ ಬಳಿಕ ಪೇಟೆಯ ಒಳಬೀದಿಗಳಲ್ಲಿ ನಡೆದರೆ, ಬೊಂಬೆ ಮಾಡುವವರ ಮನೆಗಳ ಜಗಲಿಯಲ್ಲಿಯೇ ಕಸುಬು ಕಣ್ಣಿಗೆ ಬೀಳುತ್ತದೆ. ಆಲೆಮರದ ಮೆದುವಾದ ತುಂಡೊಂದು ಯಂತ್ರಕ್ಕೆ ಸಿಕ್ಕಿ ಗಿರ್ರನೆ ತಿರುಗುತ್ತಿರುವಾಗ ಉಳಿ ತಾಗಿದಲ್ಲಿ ತೆಳುವಾದ ಸಿಪ್ಪೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬರುತ್ತದೆ. ಆಕಾರ ಮೂಡಿದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಬೆಂಕಿಯ ಹಂಗಿಲ್ಲದೆ ಉಜ್ಜಿದ ಶಾಖದಿಂದಲೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕಡೆಯಲ್ಲಿ ಕೇದಗೆಯ ಗರಿಯೊಂದನ್ನು ಅದುಮಿದರೆ ಕನ್ನಡಿಯ ಹೊಳಪು. ಕಚೇರಿಯ ಕಡತಗಳಲ್ಲಿ ಆಯುಸ್ಸನ್ನು ಕಳೆದವರು ಅಲ್ಲಿ ಅರ್ಧ ಗಂಟೆ ನಿಂತರೆ, ‘ಯಾವ ಕಡೆಯೋರು ಸ್ವಾಮಿ? ಮಕ್ಕಳು ಎಲ್ಲವ್ರೆ?’ ಎಂಬ ಪ್ರಶ್ನೆ ಬಾರದೆ ಇರದು. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಹತ್ತು ವರ್ಷವಿದ್ದರೂ ಕೇಳಿಬಾರದ ಪ್ರಶ್ನೆ ಅದು. ಕೆಲವರಿಗೆ ಅದು ಕಿರಿಕಿರಿ, ಹಲವರಿಗೆ ಔಷಧ. ತಾವು ಯಾವ ಪಂಗಡದವರೆಂಬುದನ್ನು ಊರು ಬದಲಿಸುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಕ್ಷೇಮ.

ಖರ್ಚಿನಲ್ಲಿ ಮೊದಲನೆಯದು ಮನೆ. ನಮ್ಮ ಸೀಮೆಯ ಭೋಗ್ಯದ ಪದ್ಧತಿ ನಿವೃತ್ತರಿಗೆ ಆಕರ್ಷಕವಾಗಿ ತೋರುವುದು ಸಹಜ: ಒಂದಿಷ್ಟು ಇಡುಗಂಟನ್ನು ಮನೆಯ ಮಾಲೀಕನಿಗೆ ಕೊಟ್ಟರೆ ಅವಧಿ ಮುಗಿಯುವ ತನಕ ಬಾಡಿಗೆಯಿಲ್ಲ, ತೆರವು ಮಾಡುವಾಗ ಇಡುಗಂಟು ವಾಪಸು. ಆದರೆ ಆ ಮನೆ ಅದಕ್ಕೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಸಾಲ ತೀರದೆ ಹರಾಜಿಗೆ ಬಂದರೆ ಭೋಗ್ಯದಾರನ ಹಣ ಸಂಕಟಕ್ಕೆ ಸಿಲುಕುತ್ತದೆ. ಆದುದರಿಂದ ಉಪನೋಂದಣಾಧಿಕಾರಿಯ ಕಚೇರಿಯ ಋಣಭಾರ ಪತ್ರವನ್ನು ನೋಡದೆ, ಕರಾರನ್ನು ನೋಂದಾಯಿಸದೆ ಹಣ ಕೊಡತಕ್ಕದ್ದಲ್ಲ. ತಿಂಗಳ ಬಾಡಿಗೆಯಲ್ಲಿ ಇಂತಹ ಅಪಾಯವಿಲ್ಲ. ಈ ಪಟ್ಟಣಗಳಲ್ಲಿ ಅದು ಬೆಂಗಳೂರಿಗಿಂತ ಎಷ್ಟೋ ಹಗುರ. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳವೆಬಾವಿಯ ನೀರು ಎಷ್ಟು ಗಡಸು, ಮನೆ ನೆಲಮಹಡಿಯೋ ಮೇಲ್ಮಹಡಿಯೋ ಎಂಬ ಮೂರು ಪ್ರಶ್ನೆಗಳು ಮಾತ್ರ ಬಾಡಿಗೆಯ ಮೊತ್ತಕ್ಕಿಂತ ಮುಖ್ಯವಾದುವು.

ಬಾಡಿಗೆಯ ಮನೆಯಲ್ಲಿ ನಿಲ್ಲದೆ ಭೂಮಿಯನ್ನೇ ಕೊಳ್ಳುವ ಆಸೆ ನಮ್ಮವರಲ್ಲಿ ಪ್ರಬಲ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳು 2020ರ ತಿದ್ದುಪಡಿಯಿಂದ ರದ್ದಾದ ಬಳಿಕ, ಮಾವು ತೆಂಗುಗಳ ನಡುವೆ ಅರ್ಧ ಎಕರೆ, ಒಂದು ಎಕರೆ ತೋಟದ ಮನೆಯ ಜಾಹೀರಾತುಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಕಾನೂನಿನ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಪ್ರತಿಯೊಂದು ಕ್ರಯಪತ್ರವೂ ಶುದ್ಧವೆಂದು ಭಾವಿಸಲಾಗದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಭೂಪರಿವರ್ತನೆಯಾಗದ ರೆವಿನ್ಯೂ ಸೈಟಿಗೆ ಸಾಲವೂ ಸಿಕ್ಕದು, ಮನೆ ಕಟ್ಟುವ ಪರವಾನಗಿಯೂ ಸಿಕ್ಕದು. ಬಿಡದಿಯ ಆಸುಪಾಸಿನಲ್ಲಿ ಉಪನಗರದ ಯೋಜನೆಗಾಗಿ ಭೂಸ್ವಾಧೀನದ ಅಧಿಸೂಚನೆಗಳು ಹೊರಟಿರುವುದರಿಂದ ಸರ್ವೆ ನಂಬರನ್ನು ಅದಕ್ಕೆ ತಾಳೆ ನೋಡಬೇಕು. ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಇ-ಖಾತೆ ಇವುಗಳನ್ನು ಸ್ಥಳೀಯ ವಕೀಲರಿಂದ ಪರೀಕ್ಷಿಸಿಕೊಳ್ಳಲು ತಗಲುವ ಕೆಲವು ಸಾವಿರ ರೂಪಾಯಿ ನಿವೃತ್ತನು ಮಾಡುವ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದುದು.

ಭೂಮಿ ಶುದ್ಧವಾಗಿದ್ದರೂ ತೋಟದ ಮನೆ ಮುಪ್ಪಿಗೆ ತಕ್ಕುದೇ ಎಂಬ ಪ್ರಶ್ನೆ ಉಳಿಯುತ್ತದೆ. ಐವತ್ತೆಂಟರಲ್ಲಿ ರಮ್ಯವೆನಿಸುವ ಏಕಾಂತವು ಎಪ್ಪತ್ತೈದರಲ್ಲಿ ಅಪಾಯವಾಗುವುದುಂಟು. ಆಳು ಬಾರದ ದಿನ ಪಂಪು ಕೆಡುತ್ತದೆ. ಕತ್ತಲಾದ ಮೇಲೆ ಚಿರತೆಯ ಭಯ. ನಡುರಾತ್ರಿಯಲ್ಲಿ ಎದೆನೋವು ಕಾಣಿಸಿಕೊಂಡರೆ ಮಣ್ಣುರಸ್ತೆಯಿಂದ ಡಾಂಬರಿಗೆ ಬರುವುದೇ ಒಂದು ಸಾಹಸ. ತಾಲ್ಲೂಕು ಆಸ್ಪತ್ರೆಗಳು ಜ್ವರ, ಗಾಯ, ಸಕ್ಕರೆ, ರಕ್ತದೊತ್ತಡಗಳಿಗೆ ಸಾಕಾದಾವು. ಹೃದಯದ ತುರ್ತುಚಿಕಿತ್ಸೆಗೆ ಕೆಂಗೇರಿಯ ಕಡೆಯ ದೊಡ್ಡ ಆಸ್ಪತ್ರೆಗಳಿಗೋ ಬೆಂಗಳೂರಿನ ಅಥವಾ ಮೈಸೂರಿನ ಜಯದೇವ ಸಂಸ್ಥೆಗೋ ಧಾವಿಸಬೇಕಾಗುತ್ತದೆ. ಈ ಒಂದು ಕಾರಣದಿಂದಲೇ, ಊರಿನಿಂದ ಹತ್ತು ಮೈಲಿ ದೂರದ ಎಕರೆಗಿಂತ ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದಾದ ಎರಡು ಕೋಣೆಯ ಮನೆ ಶ್ರೇಷ್ಠವೆಂದು ಹೇಳಬೇಕಾಗಿದೆ.

ಬೆಂಗಳೂರಿನಲ್ಲಿ ಸ್ವಂತ ಮನೆಯುಳ್ಳವರು ಮತ್ತೊಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಮಕ್ಕಳ ಹೆಸರಿಗೆ ದಾನಪತ್ರ ಬರೆದುಕೊಟ್ಟು ಹಳ್ಳಿ ಸೇರಿ, ಮುಂದೆ ಆಸರೆ ತಪ್ಪಿದಾಗ ಪರಿತಪಿಸುವವರು ಹಲವರು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆಯ 23ನೆಯ ಪ್ರಕರಣದಂತೆ, ಪಾಲನೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಷರತ್ತಿಗೆ ತಪ್ಪಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಲ್ಲುದು. ಆ ಷರತ್ತನ್ನು ದಾನಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿರಿಸುವುದು ಕ್ಷೇಮ. ಅದಕ್ಕಿಂತ ಉತ್ತಮವಾದುದೆಂದರೆ, ಮನೆಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು ಬಾಡಿಗೆಗೆ ಕೊಟ್ಟು, ಅದರ ವರಮಾನದಿಂದ ಸಣ್ಣ ಊರಿನಲ್ಲಿ ಸುಖವಾಗಿ ಬಾಳುವುದು. 1995ರ ನೌಕರರ ಪಿಂಚಣಿ ಯೋಜನೆಯ 1,000 ರೂಪಾಯಿಯ ಕನಿಷ್ಠ ಪೆನ್ಷನ್ನನ್ನೇ ನಂಬಿದವರಿಗಾದರೋ ಯಾವ ಊರೂ ಸೋವಿಯಲ್ಲ. ಅವರ ವಿಷಯದಲ್ಲಿ ಸ್ಥಳಾಂತರವಲ್ಲ, ಪೆನ್ಷನ್ನಿನ ಏರಿಕೆಯೇ ಪರಿಹಾರ.

ಹಣ, ಮನೆ, ವೈದ್ಯ ಇಷ್ಟೂ ಒದಗಿದ ಮೇಲೆಯೂ ಹಗಲು ಉದ್ದವಾಗಿಯೇ ಇರುತ್ತದೆ. ಆ ಹಗಲನ್ನು ಸಾರ್ಥಕವಾಗಿ ತುಂಬುವುದಕ್ಕೆ ಈ ಸೀಮೆಯಲ್ಲಿಯೇ ಒಂದು ಉಜ್ಜ್ವಲ ನಿದರ್ಶನವುಂಟು. ನಾಗಮಂಗಲ ತಾಲ್ಲೂಕಿನಲ್ಲಿ 1915ರಲ್ಲಿ ಹುಟ್ಟಿ, ಉನ್ನತಾಧಿಕಾರಿಯಾಗಿ ಸರ್ಕಾರಿ ಸೇವೆ ಮುಗಿಸಿದ ಎಚ್.ಎಲ್. ನಾಗೇಗೌಡರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರ–ಚನ್ನಪಟ್ಟಣಗಳ ನಡುವೆ ಮೈಸೂರು ರಸ್ತೆಯ ಬದಿಯ 15 ಎಕರೆ ನೆಲದಲ್ಲಿ ಜಾನಪದ ಲೋಕವನ್ನು ಕಟ್ಟಿ, 1994ರಲ್ಲಿ ಅದು ಲೋಕಾರ್ಪಣೆಗೊಂಡಾಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಒನಕೆ, ಕೂರಿಗೆ, ಕೊಳಗ, ತೊಗಲುಬೊಂಬೆ, ಜನಪದ ವಾದ್ಯಗಳನ್ನು ನಾಡಿನ ಮೂಲೆಮೂಲೆಗಳಿಂದ ತಂದಿರಿಸಿದ ಆ ಸಂಗ್ರಹಾಲಯವು, ಪೆನ್ಷನ್ ಆದೇಶದ ದಿನಾಂಕವು ಮನುಷ್ಯನ ಕಾರ್ಯಶಕ್ತಿಯ ಎಲ್ಲೆಯಲ್ಲವೆಂಬುದಕ್ಕೆ ಸಾಕ್ಷಿ. ಎಲ್ಲರೂ ಅಷ್ಟು ದೊಡ್ಡದನ್ನು ಕಟ್ಟಲಾರರು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದು, ಅರ್ಜಿ ಬರೆಯಲಾಗದ ರೈತನಿಗೆ ನೆರವಾಗುವುದು ಯಾವ ನಿವೃತ್ತನಿಗೂ ಸಾಧ್ಯ. ಊರಿಗೆ ಬಂದವರು ಊರಿನವರಾಗಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಆದುದರಿಂದ ಈ ದಾರಿಯನ್ನು ಆಲೋಚಿಸುತ್ತಿರುವ ಓದುಗರಿಗೆ ಹೇಳತಕ್ಕ ಮಾತಿಷ್ಟೆ. ಮೊದಲ ವರ್ಷ ಏನನ್ನೂ ಮಾರಬೇಡಿ, ಏನನ್ನೂ ಕೊಳ್ಳಬೇಡಿ. ನಾಲ್ಕರಲ್ಲಿ ಒಂದು ಊರನ್ನು ಆರಿಸಿ, ಪೇಟೆಗೆ ಸಮೀಪದಲ್ಲಿ ಬಾಡಿಗೆಗೆ ಮನೆ ಹಿಡಿದು, ಏಪ್ರಿಲಿನ ಬಿಸಿಲನ್ನೂ ಅಕ್ಟೋಬರಿನ ಮಳೆಯನ್ನೂ ಅಲ್ಲಿಯೇ ಕಳೆಯಿರಿ. ಖರ್ಚನ್ನು ತಿಂಗಳು ತಿಂಗಳೂ ಬರೆದಿಡಿ. ಎರಡನೆಯ ಬೇಸಿಗೆಗೂ ಅಲ್ಲಿಯೇ ಇರುವ ಮನಸ್ಸು ಗಂಡಹೆಂಡಿರಿಬ್ಬರಿಗೂ ಇದ್ದರೆ ಮಾತ್ರ ಕ್ರಯಪತ್ರದ ಮಾತೆತ್ತಿ.